ನೆತ್ತಿಯ ಮೇಲೊಂದು ಹರಳುಗವಿ

1924ರ ನವೆಂಬರ್‌ನಲ್ಲಿ ಮೆಲ್ಬರ್ನಿನ ಸ್ವಾನ್‌ಸ್ಟನ್ ಬೀದಿಯ ಕ್ಯಾಪಿಟಲ್ ಥಿಯೇಟರ್ ಬಾಗಿಲು ತೆರೆದಾಗ ಪರದೆಯ ಮೇಲಿದ್ದದ್ದು ಸೆಸಿಲ್ ಬಿ. ಡಿಮಿಲ್‌ನ ‘ದ ಟೆನ್ ಕಮಾಂಡ್‌ಮೆಂಟ್ಸ್’. ಆ ಚಿತ್ರಕ್ಕಾಗಿ ಅಲ್ಲಿಗೆ ಹೋದವರು ಇಂದು ಯಾರೂ ಇಲ್ಲ. ಅವರ ನೆತ್ತಿಯ ಮೇಲಿದ್ದ ಚಾವಣಿ ಮಾತ್ರ ಹಾಗೆಯೇ ಇದೆ.

ಆ ಚಾವಣಿಯಲ್ಲಿ ಹೂಬಳ್ಳಿಯಿಲ್ಲ, ಗಂಧರ್ವರಿಲ್ಲ. ಇರುವುದು ಬರೀ ಗಾರೆಯ ಕೋನಗಳು. ಚೌಕದೊಳಗೆ ಚೌಕ, ಅದರೊಳಗೆ ಮೊನೆ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಸರಿಯುತ್ತ ಹೋಗುತ್ತವೆ. ಆ ಮೆಟ್ಟಿಲುಗಳ ಮರೆಯಲ್ಲಿ ಸಾವಿರಾರು ಬಣ್ಣದ ಬಲ್ಬುಗಳನ್ನು ಅಡಗಿಸಿದ್ದರು. ಬಲ್ಬು ಕಾಣುವುದಿಲ್ಲ, ಬೆಳಕಷ್ಟೇ ಕಾಣುತ್ತದೆ. ಕೆಂಪು ಮಂಕಾಗುತ್ತ ನೀಲಿ ಏರಿದರೆ ಬಿಳಿ ಗಾರೆಯೇ ಬಣ್ಣ ಕುಡಿದಂತೆ ತೋರುತ್ತದೆ. ಉರುಟು ಕಲ್ಲೊಂದನ್ನು ಒಡೆದಾಗ ಒಳಗೆ ಹರಳು ಮಿನುಗುತ್ತದಲ್ಲ, ಅದರ ಹೊಟ್ಟೆಯೊಳಗೇ ಕುರ್ಚಿ ಹಾಕಿ ಕೂತ ಹಾಗೆ. ಬೇಲೂರು ದೇವಾಲಯದ ಕೆತ್ತನೆಯ ಚಾವಣಿ ಭುವನೇಶ್ವರಿಯ ಕೆಳಗೆ ಕತ್ತು ನೋಯುವವರೆಗೆ ನಿಂತ ಕನ್ನಡಿಗನಿಗೆ ಈ ಚಾವಣಿ ಪೂರ್ತಿ ಅಪರಿಚಿತ ಎನಿಸಲಾರದು. ಇದು ಹೋಲಿಕೆಯ ಮಾತಷ್ಟೇ, ಪ್ರಭಾವದ ವಾದವಲ್ಲ.

ಈ ಚಿತ್ರಮಂದಿರವನ್ನು ರೂಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ದಂಪತಿ ವಾಲ್ಟರ್ ಬರ್ಲಿ ಗ್ರಿಫಿನ್ ಮತ್ತು ಮೇರಿಯನ್ ಮಹೋನಿ ಗ್ರಿಫಿನ್. 1912ರಲ್ಲಿ ಕ್ಯಾನ್‌ಬೆರಾ ನಗರದ ನಕ್ಷೆಯ ಸ್ಪರ್ಧೆ ಗೆದ್ದು ಆಸ್ಟ್ರೇಲಿಯಾಕ್ಕೆ ಬಂದವರು. ಸ್ಪರ್ಧೆ ಗೆಲ್ಲಿಸಿದ್ದರಲ್ಲಿ ಬಟ್ಟೆಯ ಮೇಲೆ ಮೇರಿಯನ್ ಬಿಡಿಸಿದ ಚಿತ್ರಗಳ ಪಾಲು ದೊಡ್ಡದು. ಫ್ರಾಂಕ್ ಲಾಯ್ಡ್ ರೈಟ್‌ನ ಕಚೇರಿಯಲ್ಲಿ ಪಳಗಿದ ಕೈ ಅದು. ಕ್ಯಾಪಿಟಲ್‌ನ ಚಾವಣಿಯೂ ಬಹುಮಟ್ಟಿಗೆ ಆಕೆಯದೇ ಎನ್ನುವವರಿದ್ದಾರೆ. ಹೆಸರು ಮಾತ್ರ ಬಹುಕಾಲ ಗಂಡನದೇ ಮುಂದಿತ್ತು.

ನಿಸರ್ಗವನ್ನು ಚಿತ್ರಮಂದಿರದೊಳಕ್ಕೆ ತರುವ ಹುಚ್ಚು ಆಗ ಬೇರೆಡೆಯೂ ಇತ್ತು. ಅಮೆರಿಕದಲ್ಲಿ ಜಾನ್ ಎಬರ್ಸನ್ ಚಾವಣಿಗೆ ನೀಲಿ ಬಳಿದು, ನಕ್ಷತ್ರ ಮಿನುಗಿಸಿ, ಯಂತ್ರದಿಂದ ಮೋಡ ಓಡಿಸುತ್ತಿದ್ದ. ಮೆಲ್ಬರ್ನಿನಲ್ಲೇ 1929ರಲ್ಲಿ ಅಂಥದೊಂದು ಬಂತು: ಇಂದಿನ ಫೋರಂ. ಅದು ನೋಡಲು ಸೊಗಸು, ಆದರೆ ಬಣ್ಣದ ಆಕಾಶ ನಾಟಕದ ಪರದೆಯ ಆಕಾಶವೇ. ಗ್ರಿಫಿನ್ ದಂಪತಿ ನಿಸರ್ಗದ ಚಿತ್ರ ಬರೆಯಲಿಲ್ಲ. ಹರಳು ಬೆಳೆಯುವ ಲೆಕ್ಕವನ್ನು ಗಾರೆಗೆ ಕಲಿಸಿದರು.

ಸ್ಥಳದ ವಸ್ತುವಿನ ಮೇಲಿನ ಅವರ ಪ್ರೀತಿ ಕಾಣಬೇಕಾದರೆ ಸಿಡ್ನಿಯ ಕ್ಯಾಸಲ್‌ಕ್ರಾಗ್‌ಗೆ ಹೋಗಬೇಕು. ಅಲ್ಲಿ ಬಂಡೆ ಸಿಡಿಸಿ ಜಾಗ ಮಟ್ಟ ಮಾಡದೆ, ಅಲ್ಲಿನದೇ ಮರಳುಗಲ್ಲಿನಿಂದ ಮನೆ ಎಬ್ಬಿಸಿದರು. ಕಾಡಿನ ಕಮರಿಯೊಂದು ಬಯಲು ರಂಗಮಂದಿರವಾಯಿತು. ಇಳಿಜಾರೇ ಪ್ರೇಕ್ಷಕರ ಸಾಲು.

1935ರಲ್ಲಿ ವಾಲ್ಟರ್ ಲಖನೌಗೆ ಬಂದರು, ವಿಶ್ವವಿದ್ಯಾಲಯದ ಗ್ರಂಥಾಲಯದ ನಕ್ಷೆ ಮಾಡಲೆಂದು. ಅಲ್ಲಿ ಕೆಲಸದ ಮೇಲೆ ಕೆಲಸ ಬಂತು, ಮೇರಿಯನ್ನರೂ ಬಂದು ಸೇರಿಕೊಂಡರು. 1937ರ ಫೆಬ್ರವರಿಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಬಳಿಕ ವಾಲ್ಟರ್ ತೀರಿಕೊಂಡರು. ಸಮಾಧಿಯೂ ಲಖನೌದಲ್ಲೇ ಇದೆ.

ಇತ್ತ ಮೆಲ್ಬರ್ನಿನಲ್ಲಿ ಟಿ.ವಿ. ಬಂದು ಎರಡು ಸಾವಿರಕ್ಕೂ ಹೆಚ್ಚು ಆಸನಗಳ ಕ್ಯಾಪಿಟಲ್ ಮಾಲೀಕರಿಗೆ ಭಾರವಾಯಿತು. 1960ರ ದಶಕದಲ್ಲಿ ಕೆಡವುವ ಮಾತು ಎದ್ದಾಗ ಚಾವಣಿಗಾಗಿ ಜನ ಜಗಳಕ್ಕಿಳಿದರು. ಕೊನೆಗೆ ರಾಜಿಯಾಯಿತು: ಮೇಲಿನದು ಉಳಿಯಲಿ, ಕೆಳಗಿನದು ಹೋಗಲಿ. ಆರ್‌ಎಂಐಟಿ ವಿಶ್ವವಿದ್ಯಾಲಯ 1999ರಲ್ಲಿ ಅದನ್ನು ಕೊಂಡಿತು. 2014ರಲ್ಲಿ ಮುಚ್ಚಿದ್ದು ದುರಸ್ತಿಯಾಗಿ 2019ರಲ್ಲಿ ಮತ್ತೆ ತೆರೆಯಿತು. ಹಳೆಯ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಂದಿದೆ. ಈಗ ಪ್ರೇಕ್ಷಕರು ಕೂರುವುದು ಹಳೆಯ ಬಾಲ್ಕನಿಯ ಮಟ್ಟದಲ್ಲಿ. ಒಂದು ಕಾಲಕ್ಕೆ ಕೆಳಗಿನ ಸಾಲುಗಳಿದ್ದ ಕಡೆ ಅಂಗಡಿಗಳಾದವು.