ಒಡೆಯನ ತೋಟ ಊರಿನ ತೋಟವಾದ ಕಥೆ

ತೋಟ ಒಂದು ಮನೆತನದ ಹೆಸರಿನಲ್ಲಿದ್ದರೆ ಅದರ ಆಯಸ್ಸು ಆ ಮನೆಯಲ್ಲಿ ಪಾಲಾಗುವವರೆಗೆ. ಅಣ್ಣತಮ್ಮಂದಿರು ಬೇರೆಯಾದರು, ಬದುವಿನ ಹಳೇ ಮಾವಿನ ಮರಗಳು ಗರಗಸದ ಮಿಲ್ಲಿಗೆ ಹೋದವು, ಆಮೇಲೆ ಜಮೀನು ಸೈಟಾಯಿತು. ಜಿಲ್ಲೆಗಳಲ್ಲಿ ಸುದ್ದಿಗಾಗಿ ತಿರುಗುವ ನಮಗೆಲ್ಲ ಇದು ಬಾಯಿಪಾಠ. ಅದೇ ತೋಟವನ್ನು ಯಾರೂ ಮಾರಲಾಗದಂತೆ, ಲಾಭಕ್ಕಲ್ಲದ ಒಂದು ಸಂಸ್ಥೆಯ ಹೆಸರಿಗೆ ಬರೆದಿಟ್ಟರೆ ಉಳಿಯುತ್ತದೆಯೇ? ಈ ಪ್ರಶ್ನೆ ಹಿಡಿದು ಹೊರಟಾಗ ನಮಗೆ ಸಿಕ್ಕಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ತೋಟದ ಚರಿತ್ರೆ. ಅದರ ಒಂದು ಬೇರು ನಮ್ಮ ದೇಶದಲ್ಲೇ ಇದೆ.

ಆಲ್ಬನಿ ಪಟ್ಟಣದ ಹತ್ತಿರ 1,638 ಎಕರೆಯ ಜಮೀನು. ಹೆಸರು ಸೈಪ್ರೆಸ್ ಪಾಂಡ್. 19ನೇ ಶತಮಾನದಲ್ಲಿ ಇದರ ಒಡೆಯನಾಗಿದ್ದವನು ಹಾರ್ಟ್‌ವೆಲ್ ಹಿಲ್ ಟಾರ್ವರ್, ಜಾರ್ಜಿಯಾದ ಅತಿ ದೊಡ್ಡ ಗುಲಾಮರ ಒಡೆಯರಲ್ಲಿ ಒಬ್ಬ. ಇವತ್ತು ಅಲ್ಲಿ ಪೆಕಾನ್ ಮರಗಳ ತೋಟವಿದೆ. ಪೆಕಾನ್ ಎಂದರೆ ಅಕ್ರೋಟದ ಜಾತಿಗೆ ಸೇರಿದ, ಉದ್ದನೆಯ ನುಣುಪು ಚಿಪ್ಪಿನ ಕಾಯಿ. ನೆಟ್ಟ ಮರ ಫಲ ಕೊಡಲು ಹಲವು ವರ್ಷ ಬೇಕು. ಕೊಡಲು ಶುರು ಮಾಡಿದರೆ ನೂರು ವರ್ಷ ದಾಟಿಯೂ ಕೊಡುತ್ತದೆ. ನಮ್ಮ ಮಾವಿನಂತೆ ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ.

ಈ ಬೆಳೆಗೂ ಗುಲಾಮಗಿರಿಗೂ ಹಳೆಯ ನಂಟು. 1840ರ ದಶಕದಲ್ಲಿ ಲೂಸಿಯಾನಾದ ಓಕ್ ಆಲಿ ಎಂಬ ಎಸ್ಟೇಟಿನಲ್ಲಿ ಪೆಕಾನ್‌ಗೆ ಮೊದಲ ಬಾರಿ ಯಶಸ್ವಿಯಾಗಿ ಕಸಿ ಕಟ್ಟಿದವನು ಆಂಟ್ವಾನ್ ಎಂಬ ಗುಲಾಮ ತೋಟಗಾರ. ಅವನು ಕಟ್ಟಿದ ತಳಿಗೆ 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ವಸ್ತುಪ್ರದರ್ಶನದಲ್ಲಿ ಪ್ರಶಸ್ತಿ ಬಂತು. ಕಸಿ ಕಟ್ಟಿದವನ ಕೈಗೆ ಒಂದು ಗುಂಟೆಯೂ ಬರಲಿಲ್ಲ.

1865ರಲ್ಲಿ ಗುಲಾಮಗಿರಿ ಕೊನೆಗೊಂಡರೂ ಜಮೀನು ಒಡೆಯರ ಬಳಿಯೇ ಉಳಿಯಿತು. ಕಪ್ಪು ಜನರಲ್ಲಿ ಬಹಳ ಮಂದಿ ವಾರಕ್ಕೆ ಸಾಗುವಳಿ ಮಾಡುವವರಾದರು. 1961ರಲ್ಲಿ ಆಲ್ಬನಿಗೆ ಬಂದ ಚಾರ್ಲ್ಸ್ ಶೆರಾಡ್ ಎಂಬ ತರುಣ ಅವರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆ ಇಳಿದರು. ಹೆಸರು ಬರೆಸಿದ ಕುಟುಂಬಗಳನ್ನು ಒಡೆಯರು ಜಮೀನಿನಿಂದ, ಗುಡಿಸಲಿನಿಂದ ಎಬ್ಬಿಸಿದರು. ನಿಲ್ಲಲು ಸ್ವಂತ ನೆಲವಿಲ್ಲದವನಿಗೆ ಮತದ ಹಕ್ಕು ದಕ್ಕುವುದಿಲ್ಲ ಎಂಬುದು ಚಳವಳಿಗೆ ಅರ್ಥವಾಗಿದ್ದು ಹೀಗೆ.

ನಮ್ಮ ದೇಶದ ಬೇರು ಸೇರುವುದು ಇಲ್ಲಿ. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ದಲಿತ ಕುಟುಂಬಗಳು ವಿನೋಬಾ ಭಾವೆಯವರ ಬಳಿ 80 ಎಕರೆ ಕೇಳಿದಾಗ ವೆದಿರೆ ರಾಮಚಂದ್ರ ರೆಡ್ಡಿ 100 ಎಕರೆ ಕೊಟ್ಟರು. ಭೂದಾನ ಶುರುವಾಯಿತು. ಆದರೆ ದಾನ ಪಡೆದ ಬಡವ ಕಷ್ಟ ಬಂದಾಗ ಅದನ್ನೇ ಮಾರಿಬಿಟ್ಟರೆ? ಗ್ರಾಮದಾನದ ಆಲೋಚನೆಯಲ್ಲಿ ಇದಕ್ಕೆ ಉತ್ತರವಿತ್ತು: ಒಡೆತನ ಊರಿನದು, ಉಳುಮೆ ಮನೆಯವರದು. 1957ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೈಸೂರಿನ ಪಕ್ಕದ ಯಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ಪ್ರಧಾನಿ ನೆಹರೂ ಅವರೂ ಬಂದಿದ್ದರು.

ಈ ಆಲೋಚನೆ ಅಮೆರಿಕದ ಇಬ್ಬರನ್ನು ಹಿಡಿದುಕೊಂಡಿತು. ಒಬ್ಬರು ರಾಲ್ಫ್ ಬೊರ್ಸೋಡಿ. ಇನ್ನೊಬ್ಬರು ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಲು ಒಪ್ಪದೆ ಜೈಲಿಗೆ ಹೋಗಿದ್ದ ಬಾಬ್ ಸ್ವಾನ್. ಸ್ವಾನ್, ಶೆರಾಡ್ ಮತ್ತು ಆಲ್ಬನಿಯ ಮುಂದಾಳು ಸ್ಲೇಟರ್ ಕಿಂಗ್ ಮೊದಲಾದವರು 1968ರಲ್ಲಿ ಇಸ್ರೇಲಿಗೆ ಹೋಗಿ ಅಲ್ಲಿ ಸಾಮುದಾಯಿಕ ನೆಲವನ್ನು ಗುತ್ತಿಗೆಗೆ ಕೊಡುವ ಕ್ರಮ ನೋಡಿಬಂದರು. 1969ರಲ್ಲಿ 'ನ್ಯೂ ಕಮ್ಯುನಿಟೀಸ್' ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ನೆಲ ಸಂಸ್ಥೆಯದು, ಮಾರುವಂತಿಲ್ಲ. ಕುಟುಂಬಗಳಿಗೆ ದೀರ್ಘ ಗುತ್ತಿಗೆ, ಕಟ್ಟಿದ ಮನೆ ಅವರದು. ಇವತ್ತು ಜಗತ್ತಿನಾದ್ಯಂತ ಇರುವ ಸಮುದಾಯ ಭೂ ಟ್ರಸ್ಟುಗಳಿಗೆಲ್ಲ ಇದೇ ಮೊದಲ ಮಾದರಿ.

ಸಂಸ್ಥೆ ಲೀ ಕೌಂಟಿಯಲ್ಲಿ ಸುಮಾರು 5,700 ಎಕರೆ ಕೊಂಡಿತು. ಆಗ ಅಮೆರಿಕದಲ್ಲಿ ಕಪ್ಪು ಜನರ ಒಡೆತನದ ಅತಿ ದೊಡ್ಡ ಜಮೀನು ಅದು. ಜೋಳ, ಶೇಂಗಾ, ಕಲ್ಲಂಗಡಿ ಬೆಳೆದರು, ಹಂದಿ ಸಾಕಿದರು, ರಸ್ತೆ ಬದಿಯಲ್ಲಿ ಅಂಗಡಿ ಇಟ್ಟರು. ಆದರೆ ಜಮೀನು ಕೊಂಡಿದ್ದು ಸಾಲದಲ್ಲಿ. ನಿರೀಕ್ಷಿಸಿದ್ದ ಕೇಂದ್ರ ಸರ್ಕಾರದ ನೆರವು ರಾಜ್ಯದ ಅಧಿಕಾರಸ್ಥರ ವಿರೋಧದಿಂದ ಬರಲಿಲ್ಲ. ಆಮೇಲೆ ಮೇಲಿಂದ ಮೇಲೆ ಬರ. ಬಿಳಿ ರೈತರಿಗೆ ಸುಲಭವಾಗಿ ಸಿಗುತ್ತಿದ್ದ ಸರ್ಕಾರಿ ತುರ್ತು ಸಾಲ ಇವರಿಗೆ ತಡವಾಗಿ, ಕಠಿಣ ಷರತ್ತಿನ ಮೇಲೆ ಸಿಕ್ಕಿತು. 1985ರಲ್ಲಿ ಜಮೀನು ಸಾಲಕ್ಕೆ ಹೋಯಿತು.

ಈ ಕಥೆಯ ಮುಖ್ಯ ಪಾಠ ಇಲ್ಲಿದೆ ಎಂದು ನಮಗೆ ಅನಿಸುತ್ತದೆ. ಯಾರೂ ಮಾರುವಂತಿಲ್ಲ ಎಂದು ಬರೆದ ಕಾಗದ ಪಾಲುದಾರರನ್ನು ತಡೆಯಬಲ್ಲದು, ಅಡಮಾನ ಹಿಡಿದವನನ್ನು ತಡೆಯಲಾರದು. ನಮ್ಮಲ್ಲೂ ಗ್ರಾಮದಾನದ ಎಷ್ಟೋ ಘೋಷಣೆಗಳು ಕಾಗದದಲ್ಲೇ ಉಳಿದವು. ಕೊಡುವ ಮನಸ್ಸಿಗೆ ಅಲ್ಲಿಯೂ ಇಲ್ಲಿಯೂ ಕೊರತೆಯಿರಲಿಲ್ಲ. ಕೊಟ್ಟ ನೆಲಕ್ಕೆ ಬೀಜ, ನೀರು, ಬರಗಾಲದ ಸಾಲ ಒದಗಿಸುವವರು ಸಾಲದಾದರು.

ಜಮೀನು ಹೋದರೂ ಶೆರಾಡ್ ದಂಪತಿ ಸಂಸ್ಥೆಯನ್ನು ಕೈಬಿಡಲಿಲ್ಲ. ಪತ್ನಿ ಶೆರ್ಲಿ ಶೆರಾಡ್ ರೈತನ ಮಗಳು. 1965ರಲ್ಲಿ ಅವರ ತಂದೆಯನ್ನು ಬಿಳಿ ರೈತನೊಬ್ಬ ಗುಂಡಿಟ್ಟು ಕೊಂದ, ಅವನ ಮೇಲೆ ವಿಚಾರಣೆಯೇ ನಡೆಯಲಿಲ್ಲ. ಸಾಲ ಕೊಡುವಾಗ ಕೃಷಿ ಇಲಾಖೆ ಬಣ್ಣದ ಭೇದ ಮಾಡಿತೆಂದು ಕಪ್ಪು ರೈತರು ಹೂಡಿದ ಪಿಗ್‌ಫರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಾಯಿತು. ನ್ಯೂ ಕಮ್ಯುನಿಟೀಸ್ ಕೂಡ ತನ್ನ ನಷ್ಟದ ಅರ್ಜಿ ಸಲ್ಲಿಸಿತು. 2009ರಲ್ಲಿ ಸುಮಾರು 1.2 ಕೋಟಿ ಡಾಲರ್ ಪರಿಹಾರದ ತೀರ್ಪು ಬಂತು, ಜಮೀನು ಹೋಗಿ 24 ವರ್ಷದ ಮೇಲೆ.

ಹಣವನ್ನು ಹಂಚಿಕೊಂಡು ಮುಗಿಸಬಹುದಿತ್ತು. ಅವರು 2011ರಲ್ಲಿ ಸೈಪ್ರೆಸ್ ಪಾಂಡ್ ಕೊಂಡರು. ಗುಲಾಮರ ಒಡೆಯನ ಎಸ್ಟೇಟು ಗುಲಾಮರ ಮೊಮ್ಮಕ್ಕಳ ಸಂಸ್ಥೆಗೆ ಬಂತು. ಅದಕ್ಕೆ ರೆಸೋರಾ ಎಂದು ಹೊಸ ಹೆಸರಿಟ್ಟರು. ಒಡೆಯನ ಬಂಗಲೆಯನ್ನು ಕೆಡವಲಿಲ್ಲ, ಸಭೆ ಮತ್ತು ತರಬೇತಿಗೆ ಬಳಸಿಕೊಂಡರು. ಪೆಕಾನ್ ತೋಟ ಈಗ ಸಂಸ್ಥೆಗೆ ಆದಾಯವೂ ಹೌದು, ಸುತ್ತಲಿನ ಸಣ್ಣ ರೈತರಿಗೆ ಪಾಠಶಾಲೆಯೂ ಹೌದು. ಚಾರ್ಲ್ಸ್ ಶೆರಾಡ್ 2022ರಲ್ಲಿ ತೀರಿಕೊಂಡರು. ಅವರ ಹೆಸರಿಗೆ ಆ ತೋಟದ ಒಂದು ಮರವೂ ಇರಲಿಲ್ಲ, ಹಾಗಾಗಿ ಪಾಲಿನ ಮಾತೂ ಏಳುವಂತಿರಲಿಲ್ಲ.

ಹಳೇ ಮೈಸೂರಿನ ಊರುಗಳಲ್ಲಿ ಗುಂಡುತೋಪು ಎಂಬ ಊರೊಟ್ಟಿನ ತೋಪುಗಳಿವೆ. ಮಾವು, ನೇರಳೆ, ಹುಣಸೆ, ಹೊಂಗೆ. ಕಂದಾಯ ದಾಖಲೆಯಲ್ಲಿ ಹೆಸರು ಉಳಿದಿದೆ, ನೆಲದ ಮೇಲೆ ಎಷ್ಟೋ ಕಡೆ ಒತ್ತುವರಿಯಾಗಿದೆ. ನಿಮ್ಮೂರಿನ ಗುಂಡುತೋಪಿನ ಸರ್ವೆ ನಂಬರ್ ಯಾವುದು, ಎಷ್ಟು ಎಕರೆ, ಈ ವರ್ಷ ಅದರ ಹುಣಸೆಹಣ್ಣಿನ ಹರಾಜಿನ ದುಡ್ಡು ಎಲ್ಲಿಗೆ ಹೋಯಿತು ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ ನೋಡಿ.