ಸಿಯಾಟಲ್‌ನಲ್ಲಿ ಜಾತಿ ಕೇಳಿದರೆ ಮನೆ ಮಾಲೀಕನಿಗೆ ಜೈಲೇ? ನಗರದ ಮಾನವ ಹಕ್ಕು ಆಯೋಗ ನಿಜಕ್ಕೂ ಮಾಡುವುದೇನು?

ಅಮೆರಿಕದ ಸಿಯಾಟಲ್ ನಗರದ ಬಗ್ಗೆ ವಾಟ್ಸ್‌ಆಪ್‌ನಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. "ಅಲ್ಲಿ ಜಾತಿ ಕೇಳಿದರೆ ನೇರ ಜೈಲು" ಎನ್ನುವುದು ಒಂದು. "ಮನೆ ಮಾಲೀಕನದು, ಅವನು ಯಾರಿಗೆ ಬೇಕಾದರೂ ಇಲ್ಲ ಅನ್ನಬಹುದು, ನಾವು ಹೊರಗಿನವರು, ಸುಮ್ಮನಿರಬೇಕು" ಎನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಅನಗತ್ಯವಾಗಿ ಹೆದರುತ್ತಾರೆ ಅಥವಾ ಹೆದರಿಸುತ್ತಾರೆ. ಎರಡನೆಯದನ್ನು ನಂಬಿದವರು ದೂರು ಕೊಡುವ ಗಡುವು ಮುಗಿಯುವವರೆಗೂ ಬಾಯಿ ಬಿಡದೆ ಕೂರುತ್ತಾರೆ. ಕೆಲಸಕ್ಕೆ, ಓದಿಗೆ ಎಂದು ಆ ಕಡೆ ಹೋದ ಕನ್ನಡಿಗರು ಕಡಿಮೆಯೇನಿಲ್ಲ. ಹಾಗಾಗಿ ಅಲ್ಲಿನ ಆಯೋಗ ಹೇಗೆ ಹುಟ್ಟಿತು, ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಇಂಥದ್ದೊಂದು ಆಯೋಗ ಯಾಕೆ ಬೇಕಾಯಿತು?

20ನೇ ಶತಮಾನದ ಮೊದಲರ್ಧದಲ್ಲಿ ಸಿಯಾಟಲ್‌ನ ಹಲವು ಬಡಾವಣೆಗಳ ಕ್ರಯಪತ್ರಗಳಲ್ಲೇ ಒಂದು ಷರತ್ತು ಇರುತ್ತಿತ್ತು: ಬಿಳಿಯರಲ್ಲದವರು ಈ ಮನೆಯನ್ನು ಕೊಳ್ಳುವಂತಿಲ್ಲ, ಇದರಲ್ಲಿ ವಾಸ ಮಾಡುವಂತಿಲ್ಲ. ಕೆಲವು ಪತ್ರಗಳಲ್ಲಿ ಕಪ್ಪು ಜನರ ಜೊತೆಗೆ ಯಹೂದಿಗಳನ್ನೂ ಏಷ್ಯಾದವರನ್ನೂ ಹೆಸರಿಸಿ ಹೊರಗಿಡಲಾಗಿತ್ತು. ಇದರ ಜೊತೆಗೆ ಬ್ಯಾಂಕುಗಳ ಸಾಲ ನೀತಿ, ದಲ್ಲಾಳಿಗಳ ಒಳಒಪ್ಪಂದ ಸೇರಿ ಕಪ್ಪು ಕುಟುಂಬಗಳು ಹೆಚ್ಚಾಗಿ ಸೆಂಟ್ರಲ್ ಡಿಸ್ಟ್ರಿಕ್ಟ್ ಎಂಬ ಒಂದೇ ಭಾಗದಲ್ಲಿ ಉಳಿಯುವಂತಾಯಿತು.

1944ರಲ್ಲಿ ಆಗಿನ ಮೇಯರ್ ವಿಲಿಯಂ ಡೆವಿನ್ ಜನಾಂಗಗಳ ನಡುವಿನ ತಿಕ್ಕಾಟ ತಗ್ಗಿಸಲು ಒಂದು ನಾಗರಿಕ ಐಕ್ಯ ಸಮಿತಿ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಹಲವು ನಗರಗಳು "ಮಾನವ ಸಂಬಂಧ" ಸಮಿತಿಗಳನ್ನು ಹೀಗೆಯೇ ಕಟ್ಟಿಕೊಂಡವು. ಮಾತುಕತೆ ನಡೆಸುವುದು, ಸಲಹೆ ಕೊಡುವುದು ಇವುಗಳ ಕೆಲಸವಾಗಿತ್ತು. ಬಾಡಿಗೆಗೆ ಮನೆ ಕೊಡದ ಮಾಲೀಕನನ್ನು ಕರೆದು ಕೇಳುವ ಕಾನೂನಿನ ಬಲ ಇಂಥ ಸಮಿತಿಗೆ ಇರಲಿಲ್ಲ.

1963ರ ಜುಲೈನಲ್ಲಿ ಯುವಕರ ಗುಂಪೊಂದು ಮೇಯರ್ ಕಚೇರಿಯಲ್ಲೇ ಸುಮಾರು ಒಂದು ದಿನ ಧರಣಿ ಕೂತಿತು. ಅವರ ಬೇಡಿಕೆ, ಮನೆ ಮಾರುವಾಗ ಮತ್ತು ಬಾಡಿಗೆಗೆ ಕೊಡುವಾಗ ತಾರತಮ್ಯ ಮಾಡಬಾರದೆಂಬ ಕಾನೂನು. ಅದೇ ತಿಂಗಳು ನಗರಸಭೆ ಸಿಯಾಟಲ್ ಮಾನವ ಹಕ್ಕು ಆಯೋಗವನ್ನು ಸ್ಥಾಪಿಸಿತು. ಆಯೋಗದ ಮೊದಲ ದೊಡ್ಡ ಕೆಲಸವೇ ಆ ಕಾನೂನಿನ ಕರಡು ಸಿದ್ಧಪಡಿಸುವುದಾಗಿತ್ತು.

ಮತಪೆಟ್ಟಿಗೆಯಲ್ಲಿ ಸೋತು, ನಾಲ್ಕು ವರ್ಷದ ಮೇಲೆ ಗೆದ್ದ ಕಾನೂನು

ನಗರಸಭೆ ಆ ಕರಡನ್ನು ತಾನೇ ಅಂಗೀಕರಿಸುವ ಬದಲು ಮತದಾರರ ಮುಂದೆ ಇಟ್ಟಿತು. 1964ರ ಮಾರ್ಚ್ 10ರಂದು ಮತದಾನ ನಡೆಯಿತು. ವಿರುದ್ಧ 1,15,627 ಮತ, ಪರವಾಗಿ 54,448 ಮತ. ಎರಡಕ್ಕೆ ಒಂದಕ್ಕಿಂತ ಹೆಚ್ಚಿನ ಅಂತರದಲ್ಲಿ ಜನ ಅದನ್ನು ತಿರಸ್ಕರಿಸಿದರು. "ನನ್ನ ಆಸ್ತಿ, ನನ್ನ ಇಷ್ಟ" ಎಂಬ ವಾದ ಅಂದು ಗೆದ್ದಿತು.

1967ರಲ್ಲಿ ಸ್ಯಾಮ್ ಸ್ಮಿತ್ ನಗರಸಭೆಗೆ ಆರಿಸಿ ಬಂದ ಮೊದಲ ಕಪ್ಪು ಸದಸ್ಯರಾದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಏಪ್ರಿಲ್ 11ರಂದು ಇಡೀ ಅಮೆರಿಕಕ್ಕೆ ಅನ್ವಯಿಸುವ ಫೇರ್ ಹೌಸಿಂಗ್ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಏಪ್ರಿಲ್ 19ರಂದು ಸಿಯಾಟಲ್ ನಗರಸಭೆ ತನ್ನದೇ ಕಾನೂನನ್ನು ಒಮ್ಮತದಿಂದ ಅಂಗೀಕರಿಸಿತು. ಈ ಸಲ "ತುರ್ತು" ಎಂಬ ಕಲಮು ಸೇರಿಸಿದ್ದರಿಂದ ಅದು ಕೂಡಲೇ ಜಾರಿಗೆ ಬಂತು. ಮತ್ತೆ ಜನಮತಕ್ಕೆ ಎಳೆಯಲು ದಾರಿ ಉಳಿಯಲಿಲ್ಲ.

ಈಗ ಹರಿದಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: "ಹಳೇ ಪತ್ರದಲ್ಲಿ ಏಷ್ಯಾದವರಿಗೆ ಮಾರಬಾರದು ಅಂತ ಇದ್ದರೆ ಭಾರತೀಯರು ಆ ಮನೆ ಕೊಳ್ಳುವಂತಿಲ್ಲ"

ಸುಳ್ಳು. ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿದೆ. 1968ರ ಕಾಯ್ದೆ ಬಂದ ಮೇಲೆ ಆ ಷರತ್ತನ್ನು ಪಾಲಿಸುವುದೇ ಕಾನೂನುಬಾಹಿರ. ಆದರೆ ಹಳೇ ದಾಖಲೆಗಳಲ್ಲಿ ಆ ಸಾಲುಗಳು ಇಂದಿಗೂ ಕಾಣಸಿಗುತ್ತವೆ. ಯಾರಾದರೂ ಅದರ ಫೋಟೋ ಕಳಿಸಿದರೆ ಪತ್ರ ನಿಜವಿರಬಹುದು, ಅದಕ್ಕೆ ಬಲ ಮಾತ್ರ ಇಲ್ಲ. ಅದು ಇತಿಹಾಸದ ಸಾಕ್ಷಿ, ಅಷ್ಟೇ.

ಮಾತು 2: "ಜಾತಿ ಕೇಳಿದರೆ ಜೈಲು. ಇಡೀ ಅಮೆರಿಕದಲ್ಲಿ ಹೀಗೇ"

ಒಂದು ಎಳೆ ನಿಜ, ಉಳಿದದ್ದು ಉಪ್ಪು ಖಾರ. 2023ರ ಫೆಬ್ರವರಿ 21ರಂದು ಸಿಯಾಟಲ್ ನಗರಸಭೆ 6-1 ಮತಗಳಿಂದ ತನ್ನ ತಾರತಮ್ಯ ವಿರೋಧಿ ಕಾನೂನಿಗೆ "ಜಾತಿ" ಎಂಬ ಪದ ಸೇರಿಸಿತು. ಹಾಗೆ ಮಾಡಿದ ಅಮೆರಿಕದ ಮೊದಲ ನಗರ ಅದು. ಕೆಲಸ, ವಸತಿ, ಸಾರ್ವಜನಿಕ ಸ್ಥಳ ಮೂರಕ್ಕೂ ಅದು ಅನ್ವಯಿಸುತ್ತದೆ.

ಆದರೆ ಇದು ಸಿವಿಲ್ ಕಾನೂನು. ತಪ್ಪು ಸಾಬೀತಾದರೆ ಪರಿಹಾರ, ದಂಡ, ನಿಯಮ ಬದಲಿಸುವ ಆದೇಶ ಬರಬಹುದು. ಜಾತಿ ಕೇಳಿದ್ದಕ್ಕೆ ಯಾರನ್ನೂ ಪೊಲೀಸರು ಎಳೆದೊಯ್ಯುವುದಿಲ್ಲ. ಯಾರನ್ನಾದರೂ ಮನೆ ಬಿಡಿಸಲು ಹೊಡೆಯುವುದು, ಬೆದರಿಸುವುದು ಬೇರೆ ಮಾತು. ಅದು ಕ್ರಿಮಿನಲ್ ಅಪರಾಧ.

ಮುಖ್ಯವಾದ ಇನ್ನೊಂದು ಅಂಶ: ಈ ಕಾನೂನು ಸಿಯಾಟಲ್ ನಗರದ ಗಡಿಯೊಳಗೆ ಮಾತ್ರ. ರೆಡ್ಮಂಡ್, ಬೆಲ್ವ್ಯೂ, ಕರ್ಕ್‌ಲ್ಯಾಂಡ್ ಬೇರೆ ಬೇರೆ ನಗರಗಳು. ನಾವು ಮಾತಿಗೆ "ಸಿಯಾಟಲ್‌ನಲ್ಲಿದ್ದಾನೆ ಮಗ" ಎನ್ನುತ್ತೇವೆ, ಮಗನ ವಿಳಾಸ ರೆಡ್ಮಂಡ್ ಆಗಿರುತ್ತದೆ. 1968ರ ಫೆಡರಲ್ ಕಾಯ್ದೆಯಲ್ಲಿ ಜಾತಿ ಎಂಬ ಪದ ಇಲ್ಲ. ಕ್ಯಾಲಿಫೋರ್ನಿಯಾ ಶಾಸನಸಭೆ 2023ರಲ್ಲಿ ಇಂಥದೇ ಮಸೂದೆ ಒಪ್ಪಿತು. ಈಗಿರುವ ಕಾನೂನುಗಳೇ ಸಾಕು ಎಂದು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಅದಕ್ಕೆ ಸಹಿ ಹಾಕಲಿಲ್ಲ.

ಮಾತು 3: "ಇದು ಒಂದು ಧರ್ಮದವರ ವಿರುದ್ಧ ಮಾಡಿದ ಕಾನೂನು"

ಕಾನೂನು ಅಂಗೀಕಾರವಾಗುವಾಗ ಈ ಬಗ್ಗೆ ಜೋರು ಚರ್ಚೆ ನಡೆದದ್ದು ನಿಜ. ಭಾರತೀಯ ಮೂಲದವರೇ ಪರವಾಗಿಯೂ ವಿರೋಧವಾಗಿಯೂ ಮಾತಾಡಿದರು. ಆದರೆ ಕಾನೂನಿನ ವ್ಯಾಖ್ಯೆಯಲ್ಲಿ ಯಾವ ಧರ್ಮದ ಹೆಸರೂ ಇಲ್ಲ. ಹುಟ್ಟಿನಿಂದ ಬರುವ ಸ್ಥಾನಮಾನ, ತಮ್ಮೊಳಗೇ ಮದುವೆ, ಸಾಮಾಜಿಕ ಅಡ್ಡಗೋಡೆ ಇರುವ ಕಟ್ಟುನಿಟ್ಟಿನ ಶ್ರೇಣೀಕರಣ ಎಂದು ಅದು ಜಾತಿಯನ್ನು ವಿವರಿಸುತ್ತದೆ. ಅದೇ ನಗರದ ಕಾನೂನು ಧರ್ಮದ ಆಧಾರದ ತಾರತಮ್ಯವನ್ನೂ ತಡೆಯುತ್ತದೆ. ಹಣೆಯ ಕುಂಕುಮ ನೋಡಿ ಮನೆ ಇಲ್ಲ ಎಂದರೂ ದೂರು ಕೊಡಬಹುದು.

ಮಾತು 4: "ಮಕ್ಕಳಿರುವ ಸಂಸಾರಕ್ಕೆ ಮನೆ ಕೊಡುವುದಿಲ್ಲ ಅನ್ನುವುದು ಮಾಲೀಕನ ಹಕ್ಕು"

ಸುಳ್ಳು. ಹಿರಿಯ ನಾಗರಿಕರಿಗೆಂದೇ ಮೀಸಲಾದ ವಸತಿಗಳಂಥ ಕೆಲವು ವಿನಾಯಿತಿ ಬಿಟ್ಟರೆ, ಮಕ್ಕಳಿದ್ದಾರೆಂದು ಮನೆ ನಿರಾಕರಿಸುವುದನ್ನು 1988ರಿಂದ ಫೆಡರಲ್ ಕಾಯ್ದೆಯೇ ತಡೆದಿದೆ. ಜನಾಂಗ, ಬಣ್ಣ, ಮೂಲ ದೇಶ, ಧರ್ಮ, ಲಿಂಗ, ಅಂಗವೈಕಲ್ಯ ಕೂಡ ಆ ಪಟ್ಟಿಯಲ್ಲಿವೆ. ಸಿಯಾಟಲ್‌ನ ಪಟ್ಟಿ ಇನ್ನೂ ಉದ್ದ: ವಯಸ್ಸು, ವೈವಾಹಿಕ ಸ್ಥಿತಿ, ಲೈಂಗಿಕ ಒಲವು, ರಾಜಕೀಯ ನಿಲುವು, ವಲಸೆ ಸ್ಥಿತಿ, ಬಾಡಿಗೆಗೆ ಸರ್ಕಾರಿ ನೆರವು ಪಡೆಯುವುದು ಇತ್ಯಾದಿ.

ಮಾಲೀಕನಿಗೆ ಏನೂ ಕೇಳುವ ಹಕ್ಕಿಲ್ಲವೆಂದಲ್ಲ. ಸಂಬಳ ಎಷ್ಟು, ಹಿಂದಿನ ಮನೆಯಲ್ಲಿ ಬಾಡಿಗೆ ಸರಿಯಾಗಿ ಕಟ್ಟಿದ್ದೀರಾ, ಸಾಲದ ಇತಿಹಾಸ ಹೇಗಿದೆ ಎಂದು ಕೇಳಬಹುದು. ಎಲ್ಲರಿಗೂ ಒಂದೇ ಅಳತೆಗೋಲು ಇರಬೇಕು. 2017ರಿಂದ ಸಿಯಾಟಲ್‌ನಲ್ಲಿ ಇನ್ನೊಂದು ನಿಯಮವೂ ಇದೆ: ಅರ್ಹತೆಯ ಮಾನದಂಡವನ್ನು ಮೊದಲೇ ತಿಳಿಸಿ, ಅದನ್ನು ಪೂರೈಸಿದ ಮೊದಲ ಅರ್ಜಿದಾರರಿಗೇ ಮನೆ ಕೊಡಬೇಕು. ಮಾಲೀಕರು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. 2019ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು.

ಮಾತು 5: "ನಮ್ಮವರ ಗ್ರೂಪಿನಲ್ಲಿ 'ಇಂಡಿಯನ್ಸ್ ಮಾತ್ರ' ಅಂತ ಹಾಕಿದರೆ ತೊಂದರೆ ಇಲ್ಲ"

ತೊಂದರೆ ಇದೆ, ಇದನ್ನು ನಮ್ಮವರು ಗಮನಿಸಬೇಕು. ತಾವಿರುವ ಮನೆಯಲ್ಲೇ ಜೊತೆಗಾರನನ್ನು ಹುಡುಕುವವರಿಗೆ ಆಯ್ಕೆಯ ವಿಷಯದಲ್ಲಿ ಹೆಚ್ಚು ಸ್ವಾತಂತ್ರ್ಯ ಇದೆ. ವಾಷಿಂಗ್ಟನ್ ರಾಜ್ಯವನ್ನೂ ಒಳಗೊಂಡ ಫೆಡರಲ್ ಮೇಲ್ಮನವಿ ಕೋರ್ಟ್ 2012ರಲ್ಲಿ ರೂಮ್‌ಮೇಟ್ ಆಯ್ಕೆಗೆ ಫೇರ್ ಹೌಸಿಂಗ್ ಕಾಯ್ದೆ ಅನ್ವಯಿಸುವುದಿಲ್ಲ ಎಂದಿದೆ. ಆದರೆ ತಾನು ವಾಸವಿಲ್ಲದ ಇಡೀ ಅಪಾರ್ಟ್‌ಮೆಂಟನ್ನು ಬಾಡಿಗೆಗೆ ಬಿಡುವವನು "ಇಂಥ ದೇಶದವರು ಮಾತ್ರ", "ಇಂಥ ಜನ ಮಾತ್ರ" ಎಂದು ಜಾಹೀರಾತು ಹಾಕಿದರೆ ಆ ಮೆಸೇಜೇ ಅವನ ವಿರುದ್ಧ ಸಾಕ್ಷಿಯಾಗಬಹುದು. ಕನ್ನಡದಲ್ಲಿ ಹಾಕಿದರೂ ಅಷ್ಟೇ. ಸಸ್ಯಾಹಾರ ಎನ್ನುವುದು ಪಟ್ಟಿಯಲ್ಲಿರುವ ಗುಂಪಲ್ಲ. ಆದರೆ ಜಾತಿ ಅಥವಾ ಧರ್ಮ ಸೋಸಲು ಅದನ್ನು ನೆಪ ಮಾಡಿಕೊಂಡರೆ ಪ್ರಶ್ನೆ ಏಳುತ್ತದೆ.

ಮಾತು 6: "ದೂರು ಕೊಟ್ಟರೆ ಲಕ್ಷಗಟ್ಟಲೆ ವಕೀಲರ ಖರ್ಚು, ವೀಸಾಕ್ಕೂ ಕುತ್ತು"

ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ವಲಸೆ ಸ್ಥಿತಿ ಏನೇ ಇದ್ದರೂ ದೂರು ಕೊಡಬಹುದು. ಇಂಗ್ಲಿಷ್ ಬಾರದಿದ್ದರೆ ಭಾಷಾಂತರಕಾರರ ನೆರವು ಕೇಳಬಹುದು. ದೂರು ಕೊಟ್ಟಿದ್ದಕ್ಕೆ ಮಾಲೀಕ ಸೇಡು ತೀರಿಸಿಕೊಂಡರೆ, ಅಂದರೆ ಬಾಡಿಗೆ ಏರಿಸಿದರೆ ಅಥವಾ ಮನೆ ಬಿಡಿಸಲು ನೋಡಿದರೆ, ಅದು ಇನ್ನೊಂದು ತಪ್ಪಾಗುತ್ತದೆ.

ಯಾರು ಏನು ಮಾಡುತ್ತಾರೆ?

ಇಲ್ಲಿ ಎರಡು ಸಂಸ್ಥೆಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ದೂರು ಸ್ವೀಕರಿಸಿ ತನಿಖೆ ಮಾಡುವುದು ನಗರದ ನಾಗರಿಕ ಹಕ್ಕು ಕಚೇರಿ. ಮಾನವ ಹಕ್ಕು ಆಯೋಗದಲ್ಲಿರುವವರು ಸಂಬಳವಿಲ್ಲದ ಸ್ವಯಂಸೇವಕರು. ಮೇಯರ್‌ಗೆ, ನಗರಸಭೆಗೆ ಸಲಹೆ ಕೊಡುವುದು, ಜನರ ಅಹವಾಲು ಕೇಳುವುದು ಅವರ ಕೆಲಸ. "ನಿನ್ನ ದೂರಿಗೆ ಸಾಕಷ್ಟು ಆಧಾರವಿಲ್ಲ" ಎಂದು ಕಚೇರಿ ಕೈಬಿಟ್ಟರೆ ಅದರ ಮೇಲಿನ ಮೇಲ್ಮನವಿ ಆಯೋಗದ ಮುಂದೆ ಬರುತ್ತದೆ.

ತನಿಖೆಯಲ್ಲಿ ಎರಡೂ ಕಡೆಯ ಮಾತು ಕೇಳುತ್ತಾರೆ, ದಾಖಲೆ ತರಿಸುತ್ತಾರೆ. ಆಧಾರ ಸಿಕ್ಕರೆ ಮೊದಲು ರಾಜಿಗೆ ಪ್ರಯತ್ನ, ಆಗದಿದ್ದರೆ ವಿಚಾರಣೆ. ಇನ್ನೊಂದು ಉಪಾಯವೂ ಇದೆ. ಸಂಬಳ, ಕೆಲಸ ಎಲ್ಲ ಒಂದೇ ತರಹ ಇರುವ, ಬಣ್ಣ ಅಥವಾ ಮೂಲ ಮಾತ್ರ ಬೇರೆಯಿರುವ ಇಬ್ಬರನ್ನು ಒಂದೇ ಮನೆ ಕೇಳಲು ಕಳಿಸುತ್ತಾರೆ. ಒಬ್ಬರಿಗೆ "ಖಾಲಿ ಇದೆ", ಇನ್ನೊಬ್ಬರಿಗೆ "ನಿನ್ನೆಯೇ ಹೋಯಿತು" ಎಂಬ ಉತ್ತರ ಬಂದರೆ ಗುಟ್ಟು ಹೊರಬೀಳುತ್ತದೆ. ಬಾಗಿಲು ಬಡಿದ ಒಬ್ಬರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಇಂದಿನ ತಾರತಮ್ಯ ನಗುನಗುತ್ತಲೇ ನಡೆಯುತ್ತದೆ, ಅದಕ್ಕೇ ಈ ಪರೀಕ್ಷೆ.

ನಿಮ್ಮವರಿಗೆ ಹೀಗಾಗಿದ್ದರೆ ಏನು ಮಾಡಬೇಕು?

* ದಿನಾಂಕ, ಸಮಯ, ಯಾರು ಏನೆಂದರು ಎಂಬುದನ್ನು ಅಂದೇ ಬರೆದಿಡಿ.
* ಜಾಹೀರಾತು, ಮೆಸೇಜ್, ಇಮೇಲ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಚಾಟ್ ಅಳಿಸಬೇಡಿ.
* ಮನೆ ನಿಜವಾಗಿ ಯಾವ ನಗರದ ವ್ಯಾಪ್ತಿಯಲ್ಲಿದೆ ಎಂದು ಮೊದಲು ನೋಡಿ.
* ವಸತಿ ದೂರಿಗೆ ಗಡುವು ಒಂದು ವರ್ಷ. ಫೆಡರಲ್ ವಸತಿ ಇಲಾಖೆಗೆ ಕೊಡುವ ದೂರಿಗೂ ಅಷ್ಟೇ. "ಮುಂದಿನ ಸಲ ಊರಿಗೆ ಬಂದಾಗ ಕೂತು ಯೋಚಿಸೋಣ" ಎಂದರೆ ಕೈ ತಪ್ಪಬಹುದು.

ಹಾಗಾದರೆ ಬೆಂಗಳೂರಿಗೂ ಇದು ಅನ್ವಯಿಸುತ್ತದೆಯೇ?

ಇಲ್ಲ. ಸಿಯಾಟಲ್‌ನ ಕಾನೂನು ಪಕ್ಕದ ಬೆಲ್ವ್ಯೂಗೇ ದಾಟುವುದಿಲ್ಲ, ಬೆಂಗಳೂರಿಗೆ ಹೇಗೆ ಬಂದೀತು? ಇಲ್ಲಿನ ಮಾಲೀಕರಿಗೆ ಆ ಫಾರ್ವರ್ಡ್ ತೋರಿಸಿ ವಾದ ಮಾಡಿ ಪ್ರಯೋಜನವಿಲ್ಲ.

ಕಾನೂನಿನ ಬಗ್ಗೆ ಯಾವ ಸಂದೇಶ ಬಂದರೂ ಮೂರು ಪ್ರಶ್ನೆ ಕೇಳಿ: ಯಾವ ಊರಿನದು, ಯಾವ ವರ್ಷದ್ದು, ಶಿಕ್ಷೆ ಜೈಲೋ ದಂಡವೋ? ಮೂರಕ್ಕೂ ಉತ್ತರವಿಲ್ಲದ ಸಂದೇಶ ಅಲ್ಲಿಗೇ ನಿಲ್ಲಲಿ. ಒಂದು ವರ್ಷದ ಗಡುವಿನ ಮಾತು ಮಾತ್ರ ಅಲ್ಲಿ ಮನೆ ಹುಡುಕುತ್ತಿರುವ ನಿಮ್ಮ ಮಗಳಿಗೋ, ಅಣ್ಣನ ಮಗನಿಗೋ ಇವತ್ತೇ ತಲುಪಲಿ.