ಸ್ವಂತ ಪುಟ, ಬಾಡಿಗೆ ವಿಳಾಸ

1994ರ ಜನವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಓದುತ್ತಿದ್ದ ಜಸ್ಟಿನ್ ಹಾಲ್ ಎಂಬ ಹತ್ತೊಂಬತ್ತರ ಹುಡುಗ ತನ್ನ ಹೆಸರಿನಲ್ಲೊಂದು ವೆಬ್ ಪುಟ ತೆರೆದ. ಅದರಲ್ಲಿ ಇದ್ದದ್ದು ಹೆಚ್ಚೇನಲ್ಲ: ತನ್ನ ಬಗ್ಗೆ ನಾಲ್ಕು ಮಾತು, ಒಂದೆರಡು ಫೋಟೋ, ತಾನು ಮೆಚ್ಚಿದ ಬೇರೆ ಪುಟಗಳಿಗೆ ಕೊಂಡಿಗಳು. ಕೊಂಡಿಗಳಿಂದಲೇ ಅದಕ್ಕೆ 'ಲಿಂಕ್ಸ್' ಎಂಬ ಹೆಸರೂ ಬಂತು. ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆ ವೆಬ್ ತಂತ್ರಜ್ಞಾನವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದೆಂದು ಘೋಷಿಸಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಇಂದಿನ ಅರ್ಥದ ಹುಡುಕುತಾಣಗಳಿಲ್ಲದ ಕಾಲ. ಯಾವ ಪುಟ ಎಲ್ಲಿದೆ ಎಂದು ತಿಳಿಯಬೇಕಾದರೆ ಯಾರೋ ಒಬ್ಬರು ಪಟ್ಟಿ ಬರೆದಿಟ್ಟಿರಬೇಕಿತ್ತು. ಅದೇ ವರ್ಷದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ ಎಂಬ ಇಬ್ಬರು ವಿದ್ಯಾರ್ಥಿಗಳು ಅಂಥದ್ದೇ ಇನ್ನೊಂದು ಪಟ್ಟಿ ಶುರು ಮಾಡಿದರು. ಅದಕ್ಕೂ ಮೊದಲು ಅವರಿಬ್ಬರ ಹೆಸರೇ ಇತ್ತು. ಕೆಲವೇ ತಿಂಗಳಲ್ಲಿ ಅದು 'ಯಾಹೂ' ಆಯಿತು. ಈ ಯಾಹೂ ಮುಂದೆ ಮತ್ತೆ ಬರುತ್ತದೆ.

ಹಾಲ್‌ನ ಪುಟ ಕಂಪನಿಯಾಗಲಿಲ್ಲ. ಅದು ಅವನ ಬದುಕಿನ ಲೆಕ್ಕದ ಪುಸ್ತಕವಾಯಿತು. ಅವನು ಎಂಟು ವರ್ಷದವನಿದ್ದಾಗ ತಂದೆ ಆತ್ಮಹತ್ಯೆ ಮಾಡಿಕೊಂಡಿದ್ದರು. ಆ ಬಗ್ಗೆ ಅವನು ಬರೆದ. ಪ್ರೇಮ, ಜಗಳ, ಕಾಯಿಲೆ, ಕೆಲಸ, ತನ್ನ ದೇಹ, ಎಲ್ಲದರ ಬಗ್ಗೆಯೂ ಬರೆದ. ಒಂದು ಪದವನ್ನು ಒತ್ತಿದರೆ ಇನ್ನೊಂದು ಪುಟ, ಅಲ್ಲೊಂದು ಹೆಸರನ್ನು ಒತ್ತಿದರೆ ಆ ವ್ಯಕ್ತಿಯ ಕಥೆ. ಮೊದಲು, ಆಮೇಲೆ ಎಂಬ ಕ್ರಮವಿಲ್ಲ. ಮಾತಾಡುವಾಗ ನೆನಪು ಒಂದರಿಂದ ಒಂದಕ್ಕೆ ಹಾರುವ ಹಾಗೆ ಪುಟವೂ ಹಾರುತ್ತಿತ್ತು. 1996ರ ಜನವರಿಯಿಂದ ಅವನು ಪ್ರತಿದಿನ ಬರೆಯತೊಡಗಿದ, ದಿನಾಂಕ ಹಾಕಿ. ಈ ಬದಲಾವಣೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಕೊಂಡಿಗಳ ಪುಟ ನಕ್ಷೆಯಂತಿರುತ್ತದೆ. ದಿನಾಂಕ ಬಂದೊಡನೆ ಅದು ದಿನಚರಿ. ನಕ್ಷೆಯನ್ನು ಬೇಕಾದಾಗ ತಿದ್ದಬಹುದು, ದಿನಚರಿ ಮಾತ್ರ ನಾಳೆಯೂ ಬರೆ ಎಂದು ಪೀಡಿಸುತ್ತದೆ.

ಅದೇ ದಿನಗಳಲ್ಲಿ ಅವನು ಊರೂರು ಸುತ್ತಿ ಜನರಿಗೆ ಪುಟ ಕಟ್ಟುವುದನ್ನು ಹೇಳಿಕೊಡುತ್ತಿದ್ದ. ಎಲ್ಲರೂ ತಂತಮ್ಮ ಕಥೆ ಹೇಳಿಕೊಂಡರೆ ಲೋಕ ಹೆಚ್ಚು ಕರುಣೆಯದಾದೀತು ಎಂಬ ನಂಬಿಕೆ ಆ ತಲೆಮಾರಿಗೆ ಇತ್ತು. ನಕ್ಕುಬಿಡುವುದು ಈಗ ಸುಲಭ. ಆದರೆ ಹಣ, ಸಂಪಾದಕ, ಮುದ್ರಣಾಲಯ ಯಾವುದರ ಹಂಗೂ ಇಲ್ಲದೆ ಒಬ್ಬ ಸಾಮಾನ್ಯ ಮನುಷ್ಯ ತನ್ನ ಬರಹವನ್ನು ಲೋಕದ ಮುಂದಿಡುವುದು ಅದಕ್ಕೆ ಮುಂಚೆ ಹೆಚ್ಚುಕಡಿಮೆ ಅಸಾಧ್ಯವಾಗಿತ್ತು ಎಂಬುದನ್ನು ಮರೆಯುವ ಹಾಗಿಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ತನ್ನ ಬದುಕನ್ನು ಬರೆಯುವವನು ಒಂಟಿಯಾಗಿ ಬದುಕುವುದಿಲ್ಲ. ಹಾಲ್‌ನ ಗೆಳೆಯರು, ಸಂಗಾತಿಗಳು, ಮನೆಯವರು ಎಲ್ಲರೂ ಅವನ ಪುಟದಲ್ಲಿದ್ದರು. ಪುಟ ಶುರುವಾಗಿ ಹನ್ನೊಂದು ವರ್ಷಗಳಾದ ಮೇಲೆ, 2005ರ ಜನವರಿಯಲ್ಲಿ, ಅವನು ಒಂದು ವಿಡಿಯೋ ಹಾಕಿದ. ಕತ್ತಲಲ್ಲಿ ಕ್ಯಾಮೆರಾ ಎದುರು ಕೂತು, ಅಳುತ್ತಾ, ತನಗೆ ಧರ್ಮದಂತಿದ್ದ ಈ ಬರವಣಿಗೆಯೇ ತನ್ನನ್ನು ಪ್ರೀತಿಸಬಹುದಾದವರನ್ನು ದೂರ ತಳ್ಳುತ್ತಿದೆ ಎಂಬರ್ಥದಲ್ಲಿ ಮಾತಾಡಿದ. ಅಪರಿಚಿತರು ಹತ್ತಿರವಾದರು, ಹತ್ತಿರದವರು ಹಿಂಜರಿದರು. ಅಲ್ಲಿಗೆ ದಿನಚರಿ ನಿಂತಿತು. ವರ್ಷಗಳ ನಂತರ, 2015ರಲ್ಲಿ, ತನ್ನ ತಾಣದ ಕಥೆಯನ್ನು ಅವನೇ ಒಂದು ಸಾಕ್ಷ್ಯಚಿತ್ರವಾಗಿ ಹೇಳಿಕೊಂಡ. ಬರೆಯುವವರು ಇಂದಿಗೂ ಉತ್ತರ ಕಂಡುಕೊಳ್ಳದ ಪ್ರಶ್ನೆ ಅದು: ನನ್ನ ಬದುಕಿನ ಕಥೆಯಲ್ಲಿ ನಿನ್ನ ಪಾಲು ಬಂದಾಗ ಅದರ ಹಕ್ಕು ಯಾರದು? ಆತ್ಮಕಥೆ ಬರೆದವರಿಗೆಲ್ಲ ಇದು ಇದ್ದದ್ದೇ. ಆದರೆ ಆತ್ಮಕಥೆ ಬರುವುದು ಸಾಮಾನ್ಯವಾಗಿ ಇಳಿವಯಸ್ಸಿನಲ್ಲಿ, ಅರ್ಧ ಪಾತ್ರಗಳು ತೀರಿಕೊಂಡ ಮೇಲೆ. ದಿನದಿನದ ಪುಟಕ್ಕೆ ಆ ಸವಲತ್ತಿಲ್ಲ.

ಕಾಲೇಜಿನ ಯಂತ್ರವಾಗಲೀ ಕಂಪ್ಯೂಟರ್ ಜ್ಞಾನವಾಗಲೀ ಇಲ್ಲದವರಿಗೆ ಪುಟ ಕಟ್ಟಲು ಜಾಗ ಕೊಟ್ಟದ್ದು ಜಿಯೋಸಿಟೀಸ್. 1994ರ ಕೊನೆಗೆ ಡೇವಿಡ್ ಬಾನೆಟ್ ಮತ್ತು ಜಾನ್ ರೆಜ್ನರ್ ಆರಂಭಿಸಿದ ಈ ಕಂಪನಿ ವೆಬ್ಬನ್ನು ಊರಿನಂತೆ ವಿಂಗಡಿಸಿತು. ಸಾಹಿತ್ಯ, ತತ್ತ್ವಶಾಸ್ತ್ರದವರಿಗೆ 'ಅಥೆನ್ಸ್' ಬಡಾವಣೆ, ಕಂಪ್ಯೂಟರಿನವರಿಗೆ 'ಸಿಲಿಕಾನ್ ವ್ಯಾಲಿ', ವೈಜ್ಞಾನಿಕ ಕಥೆಗಳ ಹುಚ್ಚಿನವರಿಗೆ 'ಏರಿಯಾ 51', ಸಲಿಂಗಿಗಳಿಗೆ 'ವೆಸ್ಟ್ ಹಾಲಿವುಡ್'. ಬಡಾವಣೆಯಲ್ಲಿ ಖಾಲಿ ನಿವೇಶನ ಹುಡುಕಿ, ಮನೆ ನಂಬರು ಪಡೆದು, ಪುಕ್ಕಟೆ ಪುಟ ಕಟ್ಟಬಹುದಿತ್ತು. ಮಿನುಗುವ ನಕ್ಷತ್ರಗಳ ಹಿನ್ನೆಲೆ, 'ಕಾಮಗಾರಿ ನಡೆದಿದೆ' ಎನ್ನುವ ಹಳದಿ ಫಲಕ, ಪುಟ ತೆರೆದೊಡನೆ ಕಿವಿಗೆ ಬೀಳುವ ಸಂಗೀತ, ಸತ್ತ ಸಾಕುನಾಯಿಗೊಂದು ಸ್ಮಾರಕ. ವಿನ್ಯಾಸಕಾರರು ಮೂಗು ಮುರಿದರು. ಅಭಿರುಚಿಯ ಮಟ್ಟಿಗೆ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಹೊಸಮನೆಗೆ ಯಾವ ಬಣ್ಣ ಬಳಿಯಬೇಕೆಂದು ನೆರೆಯವರನ್ನು ಕೇಳದವರ ಉತ್ಸಾಹ ಅದು.

1999ರಲ್ಲಿ ಯಾಹೂ ಈ ಇಡೀ ಊರನ್ನು ಮುನ್ನೂರೈವತ್ತು ಕೋಟಿ ಡಾಲರಿಗೂ ಮಿಕ್ಕಿದ ಮೌಲ್ಯದ ಷೇರು ಕೊಟ್ಟು ಕೊಂಡಿತು. ಕೆಲವೇ ತಿಂಗಳಲ್ಲಿ ಹೊಸ ಷರತ್ತುಗಳು ಬಂದವು: ಪುಟಗಳಲ್ಲಿರುವುದನ್ನು ಕಂಪನಿ ಹೇಗೆ ಬೇಕಾದರೂ ಬಳಸಬಹುದು. ನಿವಾಸಿಗಳು ರೊಚ್ಚಿಗೆದ್ದರು. ತಮ್ಮ ಪುಟಗಳ ಬಣ್ಣ ತೆಗೆದು ಬೂದಿ ಬಳಿದರು, ಪಾಳುಬಿದ್ದ ಊರಿನಂತೆ. ಕಂಪನಿ ಹಿಂದೆ ಸರಿಯಿತು. ಹತ್ತು ವರ್ಷಗಳ ನಂತರ ಅಂಥ ಗಲಾಟೆಗೂ ಜನ ಉಳಿದಿರಲಿಲ್ಲ. ಹೆಚ್ಚಿನವರು ಮನೆ ಬಿಟ್ಟು ದೊಡ್ಡ ಸಾಮಾಜಿಕ ಜಾಲಗಳಿಗೆ ಹೋಗಿದ್ದರು. 2009ರ ಅಕ್ಟೋಬರ್ 26ರಂದು ಯಾಹೂ ಜಿಯೋಸಿಟೀಸನ್ನು ಮುಚ್ಚಿತು. ಇಬ್ಬರು ವಿದ್ಯಾರ್ಥಿಗಳ ಸ್ವಂತ ಪುಟವಾಗಿ ಹುಟ್ಟಿದ ಸಂಸ್ಥೆಯೇ ಲಕ್ಷಾಂತರ ಸ್ವಂತ ಪುಟಗಳ ಬಾಗಿಲು ಹಾಕಿತು. ಜೇಸನ್ ಸ್ಕಾಟ್ ಮತ್ತು 'ಆರ್ಕೈವ್ ಟೀಮ್' ಎಂಬ ಸ್ವಯಂಸೇವಕರ ಗುಂಪು ಗಡುವಿಗೆ ಮುನ್ನ ಕೈಗೆ ಸಿಕ್ಕಷ್ಟನ್ನು ಇಳಿಸಿಕೊಂಡಿತು. ಆ ರಾಶಿಯನ್ನು ಒಲಿಯಾ ಲಿಯಾಲಿನಾ ಮತ್ತು ದ್ರಾಗಾನ್ ಎಸ್ಪೆನ್‌ಶೀಡ್ ಎಂಬ ಇಬ್ಬರು ಕಲಾವಿದರು ಉತ್ಖನನದ ತಾಳ್ಮೆಯಿಂದ ಪುಟಪುಟವಾಗಿ ಬಿಡಿಸಿ ತೋರಿಸಿದರು.

ಇಲ್ಲಿ ಒಂದು ಮಾತಿನ ವಿಷಯ. ಇಂಗ್ಲಿಷಿನಲ್ಲಿ ಅದು 'ಹೋಮ್ ಪೇಜ್', ಅಂದರೆ ಮನೆ. ಕನ್ನಡ ಮನೆಯನ್ನು ಬಿಟ್ಟು 'ಮುಖಪುಟ' ಎಂದಿತು, ಪುಸ್ತಕದ ಪದ. ಜಾಗಕ್ಕೆ 'ತಾಣ' ಎಂದಿತು, ಇಳಿದುಕೊಳ್ಳುವ ಎಡೆ. ಬೇಕೆಂದು ಮಾಡಿದ್ದಲ್ಲ. ಆದರೂ ಇಂಗ್ಲಿಷಿಗಿಂತ ಕನ್ನಡವೇ ಪ್ರಾಮಾಣಿಕ ಎನ್ನಬೇಕು. ಸ್ವಂತ ಹೆಸರಿನ ವಿಳಾಸ ಕೂಡ ಕ್ರಯಕ್ಕೆ ಸಿಗುವುದಿಲ್ಲ. ವರ್ಷಕ್ಕಿಷ್ಟು ಎಂದು ಕಟ್ಟುತ್ತಿರಬೇಕು, ಕಟ್ಟುವುದು ನಿಂತರೆ ಬೇರೆಯವರು ಬಂದು ಕೂರುತ್ತಾರೆ.

ಕನ್ನಡದಲ್ಲಿ ಬರೆದು ಸ್ವಂತ ಪುಟ ಇಡಹೊರಟವರಿಗೆ ಬಾಡಿಗೆಗಿಂತ ದೊಡ್ಡ ಕಷ್ಟ ಅಕ್ಷರದ್ದು. 1996ರಲ್ಲಿ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಆರಂಭಿಸಿದಾಗಲೂ, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದಾಗಲೂ, ಸಾಮಾನ್ಯ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸಂಕೇತಗಳನ್ನು ಕೊಟ್ಟಿತ್ತು, ಆದರೆ ಅದು ಜನಬಳಕೆಯ ವಿಂಡೋಸ್‌ಗೆ ಇಳಿದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ನಡೆದದ್ದು ವೇಷ ಹಾಕಿಸುವ ಕೆಲಸ: ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನಿಟ್ಟ ಫಾಂಟ್. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ವೇಷ ಕಳಚುತ್ತಿತ್ತು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದ ಪುಟವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ದೊಡ್ಡ 'ಪಿ', ತಲೆಯ ಮೇಲೊಂದು ಓರೆಗೀಟಿರುವ ದೊಡ್ಡ 'ಎ', ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ 'ಎ', ಜರ್ಮನ್ನರ ಜೋಡಿ 'ಎಸ್', ಸಣ್ಣ 'ಕ್ಯೂ', ಕೊನೆಗೆ ಇನ್ನೊಮ್ಮೆ ಆ 'ಎ'. ಕೈಬರಹದ ಕ್ರಮವೇ ಇದು: 'ಕ'ದ ಒಡಲು, ತಲೆಕಟ್ಟು, 'ನ'ದ ಒಡಲು, ತಲೆಕಟ್ಟು, ಒತ್ತು, 'ಡ'ದ ಒಡಲು, ತಲೆಕಟ್ಟು. ಮೂರು ಸಲ ಬಂದ ಆ 'ಎ' ನಮ್ಮ ತಲೆಕಟ್ಟು.

ಯಂತ್ರಕ್ಕೆ ಅದು ಕನ್ನಡವಲ್ಲವಾದ್ದರಿಂದ ಅಂಥ ಪುಟಗಳು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೊರನಾಡಿನ ಸೈಬರ್ ಕೆಫೆಯಲ್ಲಿ ಕೂತವರಿಗಂತೂ ಫಾಂಟ್ ಹಾಕಿಕೊಳ್ಳಲು ಅನುಮತಿ ಬೇಕಿತ್ತು. 1996ರಿಂದ ವೆಬ್ ಪುಟಗಳನ್ನು ಕಾಪಿಡುತ್ತಿರುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡ ಆ ಕಾಲದ ಕನ್ನಡ ಪುಟಗಳನ್ನು ಓದಲು ಈಗ ಎರಡು ದಾರಿ: ಹಳೆಯ ಫಾಂಟನ್ನು ಹುಡುಕಿ ಹಾಕಿಕೊಳ್ಳುವುದು, ಇಲ್ಲವೇ ಪಠ್ಯವನ್ನು ನಕಲು ಮಾಡಿ ಯೂನಿಕೋಡ್ ಪರಿವರ್ತಕಕ್ಕೆ ಹಾಕುವುದು. ಯಾವ ಪುಟ ಯಾವ ಫಾಂಟಿನದೆಂದು ಗೊತ್ತಿಲ್ಲದಿದ್ದರೆ ಒಂದೊಂದಾಗಿ ಪ್ರಯತ್ನಿಸಿ ನೋಡಬೇಕು, ಬೀಗದ ಗೊಂಚಲು ಹಿಡಿದು ಬಾಗಿಲ ಮುಂದೆ ನಿಂತವರ ಹಾಗೆ.